ಯಾನ್‌ಟಾಕೆಟ್ ಬಗ್ಗೆ ಓದಿದ ಮೇಲೆ

ಕ್ಯಾಲಿಫೋರ್ನಿಯಾದ ವಾಯವ್ಯ ತುದಿ, ಸ್ಮಿತ್ ನದಿ ಸಮುದ್ರ ಸೇರುವ ಕಡೆ ಟೊಲೊವಾ ಎಂಬ ಮೂಲನಿವಾಸಿ ಜನರ ನೆಲ. ರೆಡ್‌ವುಡ್ ಮರದ ದೋಣಿ, ಮರಳ ಮೇಲೆ ಒಣಗಲು ಹರಡಿದ ಬೆಳ್ಳಿ ಬಣ್ಣದ ಸ್ಮೆಲ್ಟ್ ಮೀನು. ಅವರ ಪಾಲಿಗೆ ಜಗತ್ತು ಹುಟ್ಟಿದ್ದೇ ಅಲ್ಲಿನ ಯಾನ್‌ಟಾಕೆಟ್ ಊರಲ್ಲಿ. 1853ರಲ್ಲಿ ನೀಡಾಶ್ ಕುಣಿತಕ್ಕೆ ಸುತ್ತಲಿನವರೆಲ್ಲ ಅಲ್ಲಿ ಸೇರಿದ್ದಾಗ ಬಿಳಿ ವಲಸಿಗರು ಮುತ್ತಿಗೆ ಹಾಕಿ ಕೊಂದರು. ಮನೆಗಳಿಗೂ ಬೆಂಕಿ. ಹಬ್ಬ ಅಲ್ವಾ, ಮಕ್ಕಳು ಮರಿ ಎಲ್ಲ ಬಂದಿದ್ದರು. ಓದಿ ತುಂಬಾ ಸಂಕಟವಾಯಿತು.

ಎಷ್ಟೋ ದೂರದ, ಅಮೆರಿಕದ ನೈಋತ್ಯದ ನವಾಹೋ ಮೂಲನಿವಾಸಿಗಳ ನುಡಿಗೆ ಟೊಲೊವಾ ನೆಂಟ ಭಾಷೆ. ಮಾತಾಡುವವರು ಬೆರಳೆಣಿಕೆಯಷ್ಟಾದಾಗ ಟೊಲೊವಾದವರೇ ಆದ ಲಾರೆನ್ ಬೊಮ್ಮೆಲಿನ್ ಹಿರಿಯರ ಹತ್ತಿರ ಕೂತು ಕಲಿತರು, ಹೈಸ್ಕೂಲ್ ಮಕ್ಕಳಿಗೆ ಕಲಿಸಿದರು. ನೀಡಾಶ್ ಈಗಲೂ ನಡೆಯುತ್ತದೆ. ಇದನ್ನು ಓದಿದಾಗ ಎಷ್ಟು ಖುಷಿಯಾಯಿತು ಗೊತ್ತಾ!