ಹಂಪಿ ಎಕ್ಸ್‌ಪ್ರೆಸ್ ಮೆಟ್ರೊ ಹಳಿಗೇ ಹೋಗಬಾರದೇ?

ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ರೈಲಿಗೂ ಮೆಟ್ರೊಗೂ ಸರಿಯಾದ ಕೊಂಡಿ ಏಕಿಲ್ಲ? ಕಳೆದ ತಿಂಗಳು ಚಿಕ್ಕಮ್ಮನೂ ಕೇಳಿದರು. "ತಮ್ಮಾ, ಎರಡೂ ಹಳಿಯ ಮೇಲೆಯೇ ಓಡುತ್ತವಲ್ಲ, ನಮ್ಮ ಗಾಡಿಯನ್ನೇ ಅತ್ತ ಬಿಟ್ಟರೆ ಆಗುವುದಿಲ್ಲವೇ?"

ಆಗುವುದಿಲ್ಲ. ರೈಲು ಓಡುವ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ನಮ್ಮ ಮೆಟ್ರೊದ್ದು 1,435. ನಮ್ಮ ಹಳಿ ಕಿರಿದಾದ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಗುಂತಕಲ್ಲಿನಲ್ಲಿ ಇಳಿದು ಮದ್ರಾಸಿನ ಬ್ರಾಡ್‌ಗೇಜ್ ಗಾಡಿ ಹಿಡಿದ ಬಳ್ಳಾರಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯುತ್ತೂ ಬೇರೆ: ರೈಲಿಗೆ ಮೇಲಿನ ತಂತಿಯಿಂದ 25,000 ವೋಲ್ಟ್, ಮೆಟ್ರೊಗೆ ಪಕ್ಕದ ಮೂರನೇ ಹಳಿಯಿಂದ 750. ದೆಹಲಿಯ ಮೊದಲ ಮೆಟ್ರೊ ಮಾರ್ಗಗಳು ಬ್ರಾಡ್‌ಗೇಜ್ ಆಗಿದ್ದರೂ ದೂರದ ಊರುಗಳ ಗಾಡಿಗಳು ಅವುಗಳ ಸುರಂಗ ಹೊಕ್ಕಿಲ್ಲ. ಆದ್ದರಿಂದ ಗೇಜಿನ ಮೇಲೆಯೇ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ನನ್ನನ್ನು ನಿಜವಾಗಿ ನೋಯಿಸುವುದು ಇದರ ಹಿಂದಿನ ಕಥೆ. 1983ರಲ್ಲಿ ದಕ್ಷಿಣ ರೈಲ್ವೆಯ ತಂಡವೊಂದು ಬೆಂಗಳೂರಿನ ಸಂಚಾರದ ಬಗ್ಗೆ ಕೊಟ್ಟ ವರದಿಯಲ್ಲಿ ಮೆಟ್ರೊದ ಎರಡು ಮಾರ್ಗಗಳೂ ಇದ್ದವು, ಸುಮಾರು 58 ಕಿಲೋಮೀಟರ್ ಉಪನಗರ ರೈಲೂ ಇತ್ತು. ಒಂದೇ ತಾಯಿಯ ಮಕ್ಕಳಂತೆ ಎರಡೂ ಒಂದೇ ವರದಿಯಲ್ಲಿ ಹುಟ್ಟಿದ್ದವು. ಆಮೇಲೆ ಬೇರೆ ಬೇರೆ ಮನೆ ಹಿಡಿದವು. ಮೆಟ್ರೊಗೆ 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿ, 2011ರ ಅಕ್ಟೋಬರ್ 20ರಂದು ಮೊದಲ ಗಾಡಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. ಉಪನಗರ ರೈಲಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನ್ 20ರಂದು. ವರದಿಯಿಂದ ಅಡಿಗಲ್ಲಿಗೆ 39 ವರ್ಷ! ಅಷ್ಟರಲ್ಲಿ ಮೆಟ್ರೊ ನಿಲ್ದಾಣಗಳು ಎದ್ದು ನಿಂತಿದ್ದವು. ಹೀಗಾಗಿ ಕೊಂಡಿಯೆಂದರೆ ಆಮೇಲೆ ಹಚ್ಚಿದ ತೇಪೆಯಾಯಿತು. ಯಶವಂತಪುರದಲ್ಲಿ ಮೆಟ್ರೊ ಬಂದದ್ದು 2014ರಲ್ಲಿ. ರೈಲು ನಿಲ್ದಾಣಕ್ಕೆ ಕಾಲುಸೇತುವೆ ಬರಲು ಮತ್ತೆ ವರ್ಷಗಳೇ ಬೇಕಾದವು.

ಉಪನಗರ ರೈಲಿಗೆ ಈಗ ಕಟ್ಟಬೇಕಿರುವುದು 148 ಕಿಲೋಮೀಟರ್: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗಗಳು, 2020ರಲ್ಲಿ ಒಪ್ಪಿಗೆ ಸಿಕ್ಕಾಗ 15,767 ಕೋಟಿ ರೂಪಾಯಿಯ ಅಂದಾಜು. ಹೆಸರುಗಳು ನನಗೆ ಬಹಳ ಇಷ್ಟ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಮಲ್ಲಿಗೆ ಯಶವಂತಪುರವನ್ನು ಹಾಯ್ದೇ ಹೋಗುತ್ತದೆ. ರೈಲು, ಉಪನಗರ ರೈಲು, ಮೆಟ್ರೊ ಮೂರೂ ಅಲ್ಲಿ ಕೂಡುತ್ತವೆ. ಇದನ್ನು ಒಂದೇ ಸೂರಿನಡಿ ತಂದು, ಒಂದೇ ಟಿಕೆಟಿನಲ್ಲಿ ದಾಟಿಸಬೇಕು ಎಂಬುದೇ ನನ್ನ ಬೇಡಿಕೆ. ಒಂದೇ ಹಳಿ ಬೇಡ.

ಬೆಂಗಳೂರಿನವರು ಕೈಬೀಸಿಕೊಂಡು ಹೋಗುತ್ತಾರೆ, ನಾವು ಗಂಟು ಹೊತ್ತು ಬರುತ್ತೇವೆ. ಚಿಕ್ಕಮ್ಮನ ಗಂಟಿನಲ್ಲಿ ಮಗನಿಗೆಂದು ಬಡಿದ ನಲವತ್ತು ಜೋಳದ ಕಡಕ್ ರೊಟ್ಟಿಗಳಿದ್ದವು, ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ. ಮೆಟ್ಟಿಲು ಹತ್ತಿ, ಇಳಿದು, ಮೆಟ್ರೊ ಬಾಗಿಲಿನ ತಪಾಸಣೆಯ ಯಂತ್ರದೊಳಗೆ ಗಂಟನ್ನು ತಳ್ಳಿ, ಆಚೆ ಬದಿಗೆ ಬಂದದ್ದನ್ನು ಎತ್ತಿಕೊಳ್ಳುವ ಹೊತ್ತಿಗೆ ಕೆಳಗಿನ ರೊಟ್ಟಿಗಳೆಲ್ಲ ಚೂರಾಗಿದ್ದವು.

ದೀಪಾವಳಿ ಮುಗಿಸಿಕೊಂಡು ಮತ್ತೆ ಹೊರಡುತ್ತಾರೆ. ಗಂಟನ್ನು ಎರಡಾಗಿ ಕಟ್ಟಲು ಹೇಳಿದ್ದೇನೆ, ಕೈಗೊಂದರಂತೆ.