ಪ್ರಿಮೆಡ್ ವೇಳಾಪಟ್ಟಿ: ಕೆಮಿಸ್ಟ್ರಿಯಿಂದ ಲೆಕ್ಕ ಹಾಕಿ

ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿ ನೇರವಾಗಿ ಡಾಕ್ಟರಿಕೆ ಓದುವವರು ಬಲು ಕಡಿಮೆ. ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿ, ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ಮೆಡಿಕಲ್ ಸ್ಕೂಲ್ ಸೇರಬೇಕು. ಪದವಿಯ ಹೊತ್ತಿನ ಈ ತಯಾರಿಗೇ ಪ್ರಿಮೆಡ್ ಅನ್ನುತ್ತಾರೆ. ಕೋರ್ಸ್ ನೋಂದಣಿಯ ಹಿಂದಿನ ಸಂಜೆ ಪರಿಚಯದ ಕನ್ನಡ ಕುಟುಂಬವೊಂದು ಮಗಳ ಮೊದಲ ಸೆಮಿಸ್ಟರಿನ ಪಟ್ಟಿ ಹಿಡಿದು ಮನೆಗೆ ಬಂದಿತ್ತು. ಜನರಲ್ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಕ್ಯಾಲ್ಕುಲಸ್. ತಲಾ 4 ಕ್ರೆಡಿಟ್, ಒಟ್ಟು 16.

"ಪಿಯುಸಿಯಲ್ಲಿ ನಾವು ನಾಲ್ಕೂ ಒಟ್ಟಿಗೇ ಓದಲಿಲ್ವಾ?" ಅಂದರು ತಾಯಿ.

ಓದಿದ್ದು ನಿಜ. ಆದರೆ ಇಲ್ಲಿ ವಾರವಾರದ ಕ್ವಿಜ್, ಲ್ಯಾಬ್ ವರದಿ, ಎರಡು ಮೂರು ಮಿಡ್‌ಟರ್ಮ್, ಎಲ್ಲವೂ ಸೇರಿಯೇ ಗ್ರೇಡ್. ಮೂರು ಲ್ಯಾಬ್ ಅಂದರೆ ವಾರಕ್ಕೆ ಸುಮಾರು 9 ಗಂಟೆ ಅಲ್ಲೇ ಹೋಯಿತು, ವರದಿ ಬರೆಯುವ ಹೊತ್ತು ಬೇರೆ. ಮಿಡ್‌ಟರ್ಮ್‌ಗಳೂ ಹೆಚ್ಚುಕಡಿಮೆ ಒಂದೇ ವಾರ ಬೀಳುತ್ತವೆ. ಎರಡು ಲ್ಯಾಬಿನ 16 ಕ್ರೆಡಿಟ್ಟೇ ಬೇರೆ, ಮೂರು ಲ್ಯಾಬಿನ 16 ಕ್ರೆಡಿಟ್ಟೇ ಬೇರೆ. ಫಿಸಿಕ್ಸ್ ತೆಗೆದು ಮೂರನೇ ವರ್ಷಕ್ಕೆ ಹಾಕಿ, ಆ ಜಾಗಕ್ಕೆ ಸೈಕಾಲಜಿ ತಂದೆವು.

ಪಟ್ಟಿಯಲ್ಲಿ ಮುಂದೂಡಲು ಆಗದ ವಿಷಯ ಒಂದೇ, ಕೆಮಿಸ್ಟ್ರಿ. ಜನರಲ್ ಎರಡು ಸೆಮಿಸ್ಟರ್, ಆರ್ಗ್ಯಾನಿಕ್ ಎರಡು, ಆಮೇಲೆ ಬಯೋಕೆಮಿಸ್ಟ್ರಿ ಒಂದು. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಬಿಡುವುದಿಲ್ಲ. ಪದವಿ ಮುಗಿದ ವರ್ಷವೇ ಮೆಡಿಕಲ್ ಸೇರಬೇಕಾದರೆ ಮೂರನೇ ವರ್ಷದ ಕೊನೆಗೆ ಅರ್ಜಿ ಹಾಕಬೇಕು, ಎಂಕ್ಯಾಟ್ ಏಪ್ರಿಲ್-ಮೇ ಹೊತ್ತಿಗೆ ಮುಗಿದಿರಬೇಕು. ಹಿಂದಕ್ಕೆ ಎಣಿಸಿದರೆ ಬಯೋಕೆಮಿಸ್ಟ್ರಿ ಮೂರನೇ ವರ್ಷದ ಮೊದಲ ಸೆಮಿಸ್ಟರಿಗೇ ಬರುತ್ತದೆ. ಅದನ್ನು ನಾಲ್ಕನೇ ವರ್ಷಕ್ಕೆ ಉಳಿಸಿಕೊಳ್ಳುವುದು ದೊಡ್ಡ ನಷ್ಟ. ಎಂಕ್ಯಾಟಿನ ಬಯಾಲಜಿ ಭಾಗದಲ್ಲಿ ಸುಮಾರು 25%, ಕೆಮಿಸ್ಟ್ರಿ-ಫಿಸಿಕ್ಸ್ ಭಾಗದಲ್ಲೂ ಸುಮಾರು 25% ಪ್ರಶ್ನೆಗಳು ಅದರವೇ.

"ಎಪಿ ಕೆಮಿಸ್ಟ್ರಿಯಲ್ಲಿ 5 ಬಂದಿದೆ ಆಂಟಿ, ನೇರ ಆರ್ಗ್ಯಾನಿಕ್ ತಗೊಳ್ಳಲಾ?" ಅಂತ ಹುಡುಗಿ ಕೇಳಿದಳು. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಅದರ ಪರೀಕ್ಷೆಯಲ್ಲಿ 5 ಅತಿ ಹೆಚ್ಚಿನ ಅಂಕ. ಕಾಲೇಜು ಒಪ್ಪಿದರೂ ನನ್ನ ಸಲಹೆ ಬೇಡವೆಂದೇ. ಎಪಿ ಕ್ರೆಡಿಟ್ಟನ್ನು ಒಪ್ಪದ ಮೆಡಿಕಲ್ ಸ್ಕೂಲ್‌ಗಳಿವೆ. ಒಪ್ಪುವವರಲ್ಲೂ ಹಲವರು ಅದರ ಬದಲಿಗೆ ಮೇಲಿನ ಹಂತದ ಕೋರ್ಸ್ ಕೇಳುತ್ತಾರೆ.

ಆರ್ಗ್ಯಾನಿಕ್‌ನಲ್ಲಿ ಜಾಣ ಮಕ್ಕಳೂ ಮುಗ್ಗರಿಸುವುದು ಬಾಯಿಪಾಠದಿಂದ. ಒಂದು ಎಸ್‌ಎನ್2 ಕ್ರಿಯೆ ತೆಗೆದುಕೊಳ್ಳಿ, ಅಂದರೆ ಕಾರ್ಬನ್ನಿಗೆ ಅಂಟಿದ ಒಂದು ಗುಂಪನ್ನು ಹೊರದಬ್ಬಿ ಇನ್ನೊಂದು ಬಂದು ಕೂರುವುದು. ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅನ್ನುವುದನ್ನು ಬಾಣ ಎಳೆದು ತೋರಿಸುತ್ತಾರೆ. ಹೈಡ್ರಾಕ್ಸೈಡ್‌ನ ಎಲೆಕ್ಟ್ರಾನ್ ಜೋಡಿಯಿಂದ ಕಾರ್ಬನ್ನಿಗೆ ಒಂದು ಬಾಣ, ಕಾರ್ಬನ್-ಬ್ರೋಮಿನ್ ಬಂಧದಿಂದ ಬ್ರೋಮಿನ್ನಿಗೆ ಇನ್ನೊಂದು. ದಾಳಿ ಬ್ರೋಮಿನ್ನಿನ ಎದುರು ಬದಿಯಿಂದ, ಹಾಗಾಗಿ ಉಳಿದ ಮೂರು ಗುಂಪುಗಳು ಗಾಳಿಗೆ ಮಗುಚಿದ ಛತ್ರಿಯ ಹಾಗೆ ಆಚೆ ಬಾಗುತ್ತವೆ. ಆ ಕಾರ್ಬನ್ನಿಗೆ ಮೂರು ಮೀಥೈಲ್ ಗುಂಪು ಅಂಟಿದ್ದರೆ ಹಿಂಬದಿಯ ದಾರಿಯೇ ಮುಚ್ಚಿಹೋಗಿ ಕ್ರಿಯೆ ಈ ದಾರಿಯಲ್ಲಿ ನಡೆಯುವುದಿಲ್ಲ. ಖಾಲಿ ಹಾಳೆಯ ಮೇಲೆ ದಿನಾ ಈ ಬಾಣಗಳನ್ನು ಎಳೆದು, ಪ್ರತಿ ಸಲ "ಯಾಕೆ ಈ ಕಡೆಯಿಂದ?" ಅಂತ ಕೇಳಿಕೊಳ್ಳುವವರಿಗೆ ಎರಡನೇ ಸೆಮಿಸ್ಟರ್ ಹಗುರಾಗುತ್ತದೆ. ಬೇಸಿಗೆಯ ಎಂಟು ವಾರದ ಕೋರ್ಸಿನಲ್ಲಿ ಇದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಗ್ರೇಡ್ ಕೆಟ್ಟರೆ ಮತ್ತೆ ತೆಗೆದುಕೊಂಡರಾಯಿತು ಅನ್ನುವ ಮಾತು ಅಪಾಯದ್ದು. 4 ಕ್ರೆಡಿಟ್ ಕೋರ್ಸಿನಲ್ಲಿ ಮೊದಲು ಸಿ, ಆಮೇಲೆ ಎ ಬಂತು ಅಂದುಕೊಳ್ಳಿ. ಕೆಲವು ಕಾಲೇಜುಗಳು ಹೊಸ ಗ್ರೇಡನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಆದರೆ ಬಹುಪಾಲು ಮೆಡಿಕಲ್ ಅರ್ಜಿಗಳು ಹೋಗುವ ಆಮ್ಕಾಸ್ ಅನ್ನುವ ಕೇಂದ್ರ ಅರ್ಜಿ ಸೇವೆ ಎರಡನ್ನೂ ಸೇರಿಸುತ್ತದೆ: 2.0 ಮತ್ತು 4.0, ಸರಾಸರಿ 3.0. ಮೇಲಾಗಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ನಾಲ್ಕೂ ಸೇರಿದ ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು, ಪ್ರತ್ಯೇಕವಾಗಿ ತೋರಿಸುತ್ತದೆ. ಕೈಮೀರಿದ ಕೋರ್ಸನ್ನು ಗಡುವಿನೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಉಳಿಯುತ್ತದೆ, ಜಿಪಿಎಗೆ ಪೆಟ್ಟಿಲ್ಲ. ಒಂದು ಡಬ್ಲ್ಯೂಗೆ ಯಾರೂ ಹೆದರಬೇಕಿಲ್ಲ. ಪ್ರತಿ ವರ್ಷ ಬಂದರೆ ಪ್ರಶ್ನೆ ಏಳುತ್ತದೆ.

ಫಿಸಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಲ್ಕುಲಸ್ ಇಲ್ಲದ, ಬೀಜಗಣಿತ ಆಧಾರಿತ ಕೋರ್ಸ್ ಹೆಚ್ಚಿನ ಕಡೆ ಸಾಕು. ಕ್ಯಾಲ್ಕುಲಸ್ ಜೊತೆಗೆ ಒಂದು ಸೆಮಿಸ್ಟರ್ ಸ್ಟ್ಯಾಟಿಸ್ಟಿಕ್ಸ್ ಇರಲಿ, ಮುಂದೆ ಸಂಶೋಧನಾ ಲೇಖನ ಓದುವಾಗ ಬೇಕಾಗುತ್ತದೆ.

ಹೊರಡುವಾಗ ಅಪ್ಪ ಶಿಫಾರಸು ಪತ್ರದ ಮಾತೆತ್ತಿದರು. ಹಲವು ಕಡೆ ವಿಜ್ಞಾನ ಕಲಿಸಿದ ಇಬ್ಬರ ಪತ್ರ ಕೇಳುತ್ತಾರೆ. ಮುನ್ನೂರು ಮಕ್ಕಳ ಉಪನ್ಯಾಸದಲ್ಲಿ ಪ್ರೊಫೆಸರಿಗೆ ಮುಖ ಪರಿಚಯವೇ ಆಗುವುದಿಲ್ಲ. ಅದಕ್ಕೇ ಎರಡನೇ ವರ್ಷದಿಂದ ಒಂದಾದರೂ ಚಿಕ್ಕ ತರಗತಿ ಆರಿಸಿಕೊಂಡು, ಪ್ರೊಫೆಸರ್ ಕೊಠಡಿಯಲ್ಲಿ ಸಿಗುವ ವೇಳೆಗೆ ತಪ್ಪಿದ ಲೆಕ್ಕ ಹಿಡಿದು ಹೋಗಿ ಕೂರಬೇಕು.