ಅವತ್ತು ನಾನು ಹೇಳಿದ್ದು ಸರಿ ಇತ್ತು

‘ಮಾತ್ರೆ ತಗೊಂಡಿದ್ದೀಯಲ್ವಾ?’ ಅಂತ ಮನೆಯವರು ಕೇಳಿದರೆ ನನಗೆ ಬೇಜಾರಿಲ್ಲ. ನನ್ನ ಕೆಟ್ಟ ದಿನಗಳನ್ನು ಹತ್ತಿರದಿಂದ ನೋಡಿದವರು ಅವರು. ಆದರೆ ಪತ್ರಿಕೆಯ ಪುಟ ಅಚ್ಚಿಗೆ ಬಿಡೋಕೆ ಹತ್ತು ನಿಮಿಷ ಇರುವಾಗ, ಒಂದು ತಪ್ಪನ್ನು ತೋರಿಸುತ್ತಿರುವಾಗ, ನಮ್ಮ ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರು, ಅದೇ ಪ್ರಶ್ನೆ ಕೇಳಿದರು. ನನ್ನ ಮಾತು ಅಲ್ಲಿಗೇ ನಿಂತುಹೋಯಿತು. ಅದರ ಪೆಟ್ಟು ಬಿದ್ದದ್ದು ನನಗಲ್ಲ, ಏನೂ ಮಾಡದ ಒಬ್ಬ ಮೇಷ್ಟ್ರಿಗೆ.

ನಾನು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕಿ. ಬೈಪೋಲಾರ್ ಇದೆ ಅಂತ ಗೊತ್ತಾಗಿ ಕೆಲವು ವರ್ಷ ಆಯಿತು. ಮನಸ್ಸು ಕೆಲವು ಕಾಲ ವಿಪರೀತ ಏರುವ (ಅದು ಮೇನಿಯಾ), ಕೆಲವು ಕಾಲ ಖಿನ್ನತೆಯ ತಗ್ಗಿಗೆ ಇಳಿಯುವ ಕಾಯಿಲೆ ಅದು. ಅದನ್ನು ಹತೋಟಿಯಲ್ಲಿಡೋಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಆಫೀಸಿನಲ್ಲಿ ವಿಷಯ ತಿಳಿಸಿದ್ದು ನಾನೇ. ಪಾಳಿಯ ರೋಸ್ಟರ್ ಬದಲಾಯಿಸಿ ಅಂತ ಕೇಳುವಾಗ ಕಾರಣ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

ಅವತ್ತು ಸಿಟಿ ಎಡಿಷನ್, ಮೊದಲ ಪುಟ ನನ್ನದು. ಕೊನೇ ಗಳಿಗೆಯಲ್ಲಿ ಲೀಡ್, ಅಂದರೆ ಪುಟದ ಮುಖ್ಯ ಸುದ್ದಿ, ಬದಲಾಯಿತು. ವಂಚನೆ ಪ್ರಕರಣ, ಒಬ್ಬನ ಬಂಧನ. ಆರೋಪಿಯ ಫೋಟೊ ಇರಲೇಬೇಕು ಅಂತ ಮೇಲಿನವರ ಹಟ. ವರದಿಗಾರ ಕಳಿಸಿರಲಿಲ್ಲ. ಯಾರೋ ಆರ್ಕೈವ್‌ನಲ್ಲಿ ಹೆಸರು ಹಾಕಿ ಹುಡುಕಿ, ಸಿಕ್ಕಿದ್ದನ್ನು ಎಳೆದು ಡಬಲ್ ಕಾಲಂನಲ್ಲಿ ಕೂರಿಸಿದ್ದರು. ಅದೇ ಹೆಸರು, ಅದೇ ಇನಿಷಿಯಲ್.

ಪ್ರಿಂಟ್‌ಔಟ್ ಕೈಗೆ ಬಂದಾಗ ನನ್ನ ಕಣ್ಣು ಆ ಫೋಟೊದ ಮೇಲೇ ನಿಂತಿತು. ವರದಿಯಲ್ಲಿ ಆರೋಪಿಗೆ 34 ವರ್ಷ. ಫೋಟೊದಲ್ಲಿದ್ದವರ ಮೀಸೆ ಪೂರ್ತಿ ಬೆಳ್ಳಗಿತ್ತು. ಮುಂದೆ ಒಂದು ಮೈಕು. ಹಿಂದೆ ಬ್ಯಾನರ್, ಕ್ರಾಪ್ ಮಾಡಿದ ಮೇಲೆ ‘ಶಾಲಾ ವಾ’ ಅನ್ನುವಷ್ಟು ಅಕ್ಷರ ಮಾತ್ರ ಉಳಿದಿತ್ತು. ಮೂಲ ಅಡಿಬರಹ ನೋಡೋಣ ಅಂತ ಆರ್ಕೈವ್ ತೆರೆದೆ. ಹ್ಯಾಂಗ್ ಆಯಿತು. ಆ ಸಾಫ್ಟ್‌ವೇರ್ ರಾತ್ರಿ ಹನ್ನೊಂದರ ಮೇಲೆ ಯಾವತ್ತು ನೆಟ್ಟಗೆ ನಡೆದಿದೆ ಹೇಳಿ. ಬದಲಾಯಿಸಿ ಅಂತ ಡೆಸ್ಕಿನವರೆಲ್ಲ ಸಹಿ ಹಾಕಿ ಕೊಟ್ಟಿದ್ದೇವೆ, ಬಜೆಟ್ ಇಲ್ಲವಂತೆ.

‘ಈ ಫೋಟೊ ತೆಗೀರಿ, ಇದು ಬೇರೆಯವರದ್ದು’ ಅಂದೆ. ಪುಟ ಕಟ್ಟುವ ಪೇಜಿನೇಟರ್ ನನ್ನ ಮುಖ ನೋಡಿ ಚೀಫ್ ಸಬ್ ಕಡೆ ನೋಡಿದ. ಎರಡನೇ ಸಲ ಹೇಳುವಾಗ ನನ್ನ ದನಿ ಏರಿತ್ತು. ಎದ್ದು ನಿಂತಿದ್ದೆ. ಬಡಬಡ ಮಾತಾಡುತ್ತಿದ್ದೆ, ಟೈಮ್ ಇರಲಿಲ್ಲವಲ್ಲ. ಮೌಸ್ ಮೇಲಿದ್ದ ಕೈ ಸಣ್ಣಗೆ ನಡುಗುತ್ತಿತ್ತು. ಲಿಥಿಯಂ ತೆಗೆದುಕೊಳ್ಳುವ ಬಹಳ ಜನಕ್ಕೆ ಈ ನಡುಕ ಇರುತ್ತದೆ. ನೆಮ್ಮದಿಯಾಗಿ ಕೂತು ನೀರು ಕುಡಿಯುವಾಗಲೂ ನನ್ನ ಲೋಟ ಅಲ್ಲಾಡುತ್ತದೆ. ನೋಡುವವರಿಗೆ ಇದು ಹೇಗೆ ಗೊತ್ತಾಗಬೇಕು? ಚೀಫ್ ಸಬ್ ಮೊದಲು ಕೈ ನೋಡಿದರು. ಆಮೇಲೆ ಮುಖ ನೋಡಿದರು. ಆಮೇಲೆ ಆ ಪ್ರಶ್ನೆ ಕೇಳಿದರು. ಮೆತ್ತಗೇ ಕೇಳಿದರು, ಆದರೆ ಅಷ್ಟು ಹೊತ್ತಿಗೆ ಡೆಸ್ಕ್ ಪೂರ್ತಿ ಸುಮ್ಮನಾಗಿತ್ತು.

ನಾನು ಕೂತುಬಿಟ್ಟೆ.

ಆ ಕೆಲವು ನಿಮಿಷಗಳನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ‘ತಗೊಂಡಿದ್ದೀನಿ, ಫೋಟೊ ನೋಡಿ’ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವರು ಕೇಳಿದ್ದೇ ತಡ, ನಾನೂ ಅದನ್ನೇ ಕೇಳಿಕೊಳ್ಳೋಕೆ ಶುರು ಮಾಡಿದೆ. ನಿನ್ನೆ ಎಷ್ಟು ಹೊತ್ತು ಮಲಗಿದೆ? ಇವತ್ತು ಮಾತು ಜಾಸ್ತಿ ಆಯ್ತಾ? ಸಂಜೆ ಇಂಟರ್ನ್ ಮೇಲೆ ಯಾಕೆ ರೇಗಿದೆ? ಮೇನಿಯಾ ಅಂದರೆ ಬರೀ ಖುಷಿ ಅಲ್ಲ, ಸಿಡುಕಾಗಿಯೂ ಶುರುವಾಗಬಹುದು ಅಂತ ನನಗೆ ಗೊತ್ತು. ಬೆಳ್ಳನೆ ಮೀಸೆ ಕಣ್ಣೆದುರೇ ಇತ್ತು. ನಾನು ಆ ಮೀಸೆಯನ್ನು ಬಿಟ್ಟು ನನ್ನನ್ನೇ ಪರೀಕ್ಷೆ ಮಾಡುತ್ತಾ ಕೂತಿದ್ದೆ. ಪುಟ ಹೋಯಿತು. ಅಚ್ಚಿನ ಪ್ಲೇಟ್ ಆಯಿತು.

ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದಕ್ಕೆ ಕಾರಣ ಇತ್ತು. ಕಾಯಿಲೆ ಗೊತ್ತಾಗುವ ಮುಂಚೆ ಒಂದು ಏರು ಬಂದಿತ್ತು. ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ಮೈಯಲ್ಲಿ ಒಂಚೂರೂ ದಣಿವಿಲ್ಲ. ಪುರವಣಿಯನ್ನು ಪೂರ್ತಿ ಬದಲಿಸುವ ಪ್ಲಾನ್ ಬರೆದು ನಡುರಾತ್ರಿ ಸಂಪಾದಕರಿಗೆ ಮೇಲ್ ಮೇಲೆ ಮೇಲ್ ಕಳಿಸಿದ್ದೆ. ಆಗ ನನ್ನಷ್ಟು ಖಚಿತವಾಗಿ ಯಾರೂ ಇರಲಿಲ್ಲ. ಅದರಲ್ಲಿ ಬಹುಪಾಲು ಕೆಲಸಕ್ಕೆ ಬಾರದ್ದು ಅಂತ ಆಮೇಲೆ ಗೊತ್ತಾಯಿತು. ಒಳಗಿನಿಂದ ನೋಡಿದರೆ ನಿಜದ ಖಚಿತತೆಯೂ ಕಾಯಿಲೆಯ ಖಚಿತತೆಯೂ ಒಂದೇ ಥರ ಇರುತ್ತವೆ. ಈ ಕಾಯಿಲೆಯಲ್ಲಿ ನನ್ನನ್ನು ಜಾಸ್ತಿ ನೋಯಿಸಿದ್ದು ಇದೇ. ‘ನನಗೆ ಗೊತ್ತು’ ಅನ್ನುವ ಮಾತಿನ ಮೇಲಿನ ಹಕ್ಕೇ ಹೋದ ಹಾಗೆ ಅನ್ನಿಸುತ್ತದೆ.

ಮರುದಿನ ಫೋಟೊದಲ್ಲಿದ್ದ ಆ ಮೇಷ್ಟ್ರ ಮನೆಯವರು ಆಫೀಸಿಗೆ ಬಂದರು. ಅವರ ಮುಂದೆ ನಿಲ್ಲುವುದು ಕಷ್ಟವಾಯಿತು. ಮೊದಲ ಪುಟದ ಡಬಲ್ ಕಾಲಂ ತಪ್ಪಿಗೆ ಒಳಪುಟದಲ್ಲಿ ಸಿಂಗಲ್ ಕಾಲಂ ತಿದ್ದುಪಡಿ ಬಂತು. ನಮ್ಮ ಕಸುಬಿನಲ್ಲಿ ಇದನ್ನು ಸರಿಪಡಿಸಿದ್ದು ಅಂತ ಕರೆಯುತ್ತಾರೆ, ನಾನು ಒಪ್ಪುವುದಿಲ್ಲ. ಆರ್ಕೈವ್ ಫೋಟೊಗೆ ಇಬ್ಬರ ಒಪ್ಪಿಗೆ ಇರಬೇಕು ಅಂತ ಸುತ್ತೋಲೆ ಬಂತು. ಆ ಪ್ರಶ್ನೆಯ ಬಗ್ಗೆ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಚೀಫ್ ಸಬ್ ನನ್ನ ಹತ್ತಿರ ಬಂದು, ‘ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ನೀನು’ ಅಂದರು. ಇನ್ನೂ ಗಟ್ಟಿಯಾಗಿ ಹೇಳಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಅದು ಅವರಿಗೂ ಗೊತ್ತಿತ್ತು ಅಂತ ನನ್ನ ನಂಬಿಕೆ.

ಇದನ್ನೆಲ್ಲ ನನ್ನ ಡಾಕ್ಟರ್ ಹತ್ತಿರ ಹೇಳಿಕೊಂಡಾಗ ಅವರು ನನ್ನ ಸಿಟ್ಟಿನ ಬಗ್ಗೆ ಕೇಳಲೇ ಇಲ್ಲ. ನಿದ್ದೆಯ ಬಗ್ಗೆ ಕೇಳಿದರು. ಪಾಳಿ ಮುಗಿಸಿ ಬಂದು ನಿದ್ದೆ ಬಾರದೆ ಒದ್ದಾಡಿ, ಎದ್ದಾಗ ಸುಸ್ತಾಗಿದ್ದರೆ ಅದು ಒಂದು. ಸ್ವಲ್ಪವೇ ಮಲಗಿ, ಇಷ್ಟೇ ಸಾಕು ಅಂತ ಲವಲವಿಕೆಯಿಂದ ಎದ್ದರೆ ಅದು ಬೇರೆ. ಎಚ್ಚರಿಕೆಯ ಗಂಟೆ ಎರಡನೆಯದು. ಅವತ್ತು ನಾನು ಸುಸ್ತಾಗಿದ್ದೆ. ಇನ್ನೊಂದು ಮಾತನ್ನೂ ಅವರು ಹೇಳಿದರು. ವೈದ್ಯರ ಲೆಕ್ಕದಲ್ಲಿ ಹೈಪೊಮೇನಿಯಾ (ಮೇನಿಯಾದಷ್ಟು ಜೋರಿಲ್ಲದ ಏರು) ಅನ್ನಬೇಕಾದರೆ ಬದಲಾದ ಮನಸ್ಥಿತಿ ಕನಿಷ್ಠ 4 ದಿನ ಬಿಡದೆ, ದಿನದ ಹೆಚ್ಚಿನ ಹೊತ್ತು ಇರಬೇಕು. ಮೇನಿಯಾಕ್ಕೆ ಒಂದು ವಾರ, ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿದ್ದರೆ ಮಾತ್ರ ಈ ಲೆಕ್ಕ ಇಲ್ಲ. ಡೆಡ್‌ಲೈನ್ ಹೊತ್ತಿನ ಹತ್ತು ನಿಮಿಷದ ಜಗಳ ಇದ್ಯಾವುದೂ ಅಲ್ಲ. ಆ ಡೆಸ್ಕಿನಲ್ಲಿ ದಿನಾ ಯಾರಾದರೊಬ್ಬರು ಕೂಗಾಡುತ್ತಾರೆ. ಅವರಿಗೆಲ್ಲ ಅದು ಕೆಲಸದ ಒತ್ತಡ. ನನಗೆ ಮಾತ್ರ ಲಕ್ಷಣ.

ತಗ್ಗಿನ ದಿನಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿದ್ದಿಲ್ಲ. ಬೈಪೋಲಾರ್ ಇರುವ ಬಹಳ ಜನ ಏರಿನಲ್ಲಿ ಕಳೆಯುವುದಕ್ಕಿಂತ ಖಿನ್ನತೆಯಲ್ಲಿ ಕಳೆಯುವ ಕಾಲವೇ ಜಾಸ್ತಿ. ನನ್ನದೂ ಹಾಗೇ. ಏಜೆನ್ಸಿ ಕಾಪಿಯ ಒಂದು ಪ್ಯಾರಾ ತಿದ್ದೋಕೆ ಅರ್ಧ ಗಂಟೆ ಹಿಡಿದ ದಿನಗಳಿವೆ. ಮಾತಿಲ್ಲ, ತಕರಾರಿಲ್ಲ, ಕೊಟ್ಟದ್ದನ್ನು ಮಾಡುತ್ತಿದ್ದೆ. ಅಂಥದ್ದೇ ತಿಂಗಳುಗಳ ಅಪ್ರೈಸಲ್‌ನಲ್ಲಿ ‘ತುಂಬಾ ಸುಧಾರಿಸಿದ್ದಾಳೆ’ ಅಂತ ಬರೆದರು. ಅದನ್ನು ಓದಿ ಅತ್ತಿದ್ದೇನೆ. ನಾನು ಮುಳುಗುತ್ತಿದ್ದದ್ದು ಅವರಿಗೆ ಸುಧಾರಣೆಯಾಗಿ ಕಂಡಿತ್ತು.

ಕಾಯಿಲೆ ಗೊತ್ತಾದ ಮೇಲೆ ನಾನು ಹಳೆಯದನ್ನೆಲ್ಲ ಪಾಲು ಮಾಡೋಕೆ ಕೂತಿದ್ದೆ. ಬಹುಮಾನ ಬಂದ ಆ ಹೆಡ್‌ಲೈನ್ ನನ್ನದಾ, ಏರಿನದಾ? ಬಿಟ್ಟುಹೋದ ಗೆಳೆತನ ತಗ್ಗಿನ ತಪ್ಪಾ, ನನ್ನದಾ? ಲಿಥಿಯಂ ಶುರು ಮಾಡುವಾಗಲೂ ಇದೇ ಭಯ. 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಮೇನಿಯಾ ಇದ್ದವರಿಗೆ ಇದನ್ನು ಕೊಟ್ಟು, ಅವರು ಸುಧಾರಿಸಿದ್ದನ್ನು ಬರೆದರು. ಅಷ್ಟು ಹಳೆಯ ಮದ್ದು, ಒಂದು ಲವಣ. ಅದು ನನ್ನೊಳಗಿಂದ ಏನನ್ನು ತೆಗೆದುಬಿಡುತ್ತದೋ ಅಂತ ಮೊದಲ ಮಾತ್ರೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ.

ಆ ಪಾಲು ಇವತ್ತಿಗೂ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಆದರೆ ಆ ಫೋಟೊದ ರಾತ್ರಿಯ ನಂತರ ಒಂದು ವಿಷಯ ಗಮನಿಸಿದೆ. ಅಡಿಬರಹವನ್ನೂ ಫೋಟೊವನ್ನೂ ಜೋಡಿಸಿ ನೋಡುವ ಅಭ್ಯಾಸ ನನಗೆ ಏರಿನಲ್ಲೂ ಇತ್ತು, ತಗ್ಗಿನಲ್ಲೂ ಇತ್ತು, ಮಾತ್ರೆಗೆ ಮುಂಚೆಯೂ ಇತ್ತು, ಈಗಲೂ ಇದೆ. ಏಳೋಕೇ ಆಗದ ದಿನಗಳಲ್ಲೂ ಮನೆಗೆ ಬಂದ ಪೇಪರಿನಲ್ಲಿ ಹೆಸರು ತಪ್ಪಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದು ನಾನು. ಅದನ್ನು ಯಾವ ಲಕ್ಷಣದ ಪಟ್ಟಿಗೂ ಬಿಟ್ಟುಕೊಡುವುದಿಲ್ಲ.

ಚೀಫ್ ಸಬ್ ಜೊತೆ ಕೂತು ಮಾತಾಡಿದೆ. ನನ್ನ ಬಗ್ಗೆ ಚಿಂತೆಯಾದರೆ ಪುಟ ಹೋದ ಮೇಲೆ ಪಕ್ಕಕ್ಕೆ ಕರೆದು ಕೇಳಿ, ನಿದ್ದೆಯ ಲೆಕ್ಕ ಬರೆದಿಟ್ಟಿದ್ದೇನೆ, ತೋರಿಸುತ್ತೇನೆ ಅಂದೆ. ಪುಟದ ಮೇಲಿನ ಪ್ರಶ್ನೆಗೆ ಪುಟದ ಮೇಲೇ ಉತ್ತರ ಕೊಡಿ ಅಂದೆ. ಅವರು ಒಪ್ಪಿದರು, ಕ್ಷಮೆಯನ್ನೂ ಕೇಳಿದರು. ನಾನೂ ಈಗ ‘ಇದು ತಪ್ಪು’ ಅಂತ ಶುರು ಮಾಡುವುದಿಲ್ಲ. ‘ವರದಿಯಲ್ಲಿ 34, ಫೋಟೊದಲ್ಲಿ ಬಿಳಿ ಮೀಸೆ’ ಅಂತ ಶುರು ಮಾಡುತ್ತೇನೆ. ದನಿ ಹೇಗೇ ಇರಲಿ, ಅದನ್ನು ತಳ್ಳಿಹಾಕೋಕೆ ಯಾರಿಗೂ ಆಗುವುದಿಲ್ಲ.

ರೋಸ್ಟರ್ ಮಾತ್ರ ಬದಲಾಗಿಲ್ಲ. ಮಲಗುವ, ಏಳುವ ಹೊತ್ತು ಪದೇ ಪದೇ ತಪ್ಪಿದರೆ ಈ ಕಾಯಿಲೆ ತಲೆ ಎತ್ತಬಹುದು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡೋಕೆ ಕೊನೆಯ ಮಾತ್ರೆ ತೆಗೆದುಕೊಂಡು ಸುಮಾರು 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ವಾರಕ್ಕೊಂದು ಪಾಳಿ ಬದಲಾದರೆ ಆ ಲೆಕ್ಕವೇ ಕೂರುವುದಿಲ್ಲ. ನಾನು ಕೇಳಿದ್ದು ರಜೆ ಅಲ್ಲ, ಕಡಿಮೆ ಕೆಲಸವೂ ಅಲ್ಲ. ಒಂದೇ ಪಾಳಿ, ಅಷ್ಟೇ. ‘ಎಲ್ಲರಿಗೂ ಒಂದೇ ನಿಯಮ’ ಅಂತ ಎಚ್‌ಆರ್ ಉತ್ತರ ಕಳಿಸಿದೆ. ಡಾಕ್ಟರ ಪತ್ರ ಲಗತ್ತಿಸಿ ಮತ್ತೆ ಬರೆದಿದ್ದೇನೆ. ಈ ಸಲ ಚೀಫ್ ಸಬ್ ಕೂಡ ಕೆಳಗೆ ಸಹಿ ಹಾಕಿದ್ದಾರೆ.